ಶ್ರುತಿ ಯಾವ ಕೋಣೆಯಲ್ಲಿರಬೇಕು

ಇಂಡಿ ತಾಲ್ಲೂಕಿನಲ್ಲಿ ಭೀಮಾ ನದಿಯ ದಂಡೆಗಿರುವ ನನ್ನೂರಿನ ಸರಕಾರಿ ಶಾಲೆಯ ಮಕ್ಕಳಿಗೆ ಧಾರವಾಡದಿಂದ ಫೋನಿನ ಮೂಲಕ ಮೊದಲ ಬಾರಿ ತಂಬೂರಿ ಕೇಳಿಸಿದ ದಿನ, ಅದರ ದನಿ ಹತ್ತು ಹನ್ನೆರಡು ಸೆಕೆಂಡುಗಳಲ್ಲಿ ಆರಿಹೋಯಿತು. ನಮ್ಮ ಕೋಣೆಯಲ್ಲಿ ನಾಲ್ಕೂ ತಂತಿಗಳು ತುಂಬಿ ನುಡಿಯುತ್ತಿದ್ದವು. ಗೆಳತಿಯ ಬೆರಳುಗಳು ಪಂಚಮದ ತಂತಿಯಿಂದ ನಡುವಿನ ಜೋಡಿ ತಂತಿಗಳಿಗೆ, ಅಲ್ಲಿಂದ ಎಲ್ಲಕ್ಕಿಂತ ತಗ್ಗಿನ ಖರ್ಜದ ತಂತಿಗೆ ಎಂದಿನ ನಿಧಾನದಲ್ಲಿಯೇ ಸಾಗುತ್ತಿದ್ದವು. ಆ ಕಡೆ ಟಿವಿಯ ಮುಂದೆ ಸಾಲಾಗಿ ಕುಳಿತಿದ್ದ 31 ಮಕ್ಕಳು ಮೊದಲು ಕಿವಿಗೊಟ್ಟರು, ಆಮೇಲೆ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, “ಅಕ್ಕೋರ, ಅವರ ಕೈ ಆಡಾಕತ್ತೈತ್ರಿ, ದನೀನ ಬರವಲ್ದು” ಎಂದಳು.

ನೆಟ್‌ವರ್ಕ್ ಕೆಟ್ಟಿರಬೇಕೆಂದುಕೊಂಡೆವು. ನಾನು ಮಾತಾಡಿದರೆ ಮಾತು ಸರಿಯಾಗಿ ಕೇಳಿಸುತ್ತಿತ್ತು. ಮತ್ತೆ ತಂಬೂರಿ ನುಡಿಸಿದರೆ ಮೊದಲ ನಾಲ್ಕಾರು ಮೀಟುಗಳು ಕೇಳಿಸಿ, ದನಿ ಸಣ್ಣಗಾಗಿ ಅಳಿಸಿಹೋಗುತ್ತಿತ್ತು. ಕಾರಣ ಆ ಸಂಜೆ ತಿಳಿಯಿತು. ವಿಡಿಯೋ ಕರೆಯ ತಂತ್ರಾಂಶಗಳು ಮನುಷ್ಯರ ಮಾತಿಗಾಗಿ ರೂಪುಗೊಂಡಂಥವು. ಮಾತೆಂದರೆ ಗಳಿಗೆ ಗಳಿಗೆಗೂ ಬದಲಾಗುವ ದನಿ. ಬದಲಾಗದೆ ಒಂದೇ ಸಮನೆ ನಿಂತ ದನಿಯನ್ನು, ಅದು ಫ್ಯಾನಿನದಾಗಲಿ, ಹೊಲದ ಪಂಪ್‌ಸೆಟ್ಟಿನದಾಗಲಿ, ಅವು ಗದ್ದಲವೆಂದು ಎಣಿಸಿ ಒರೆಸಿಹಾಕುತ್ತವೆ. ಹಾಡಿಗೆ ಆಧಾರವಾದ ಶ್ರುತಿಯಾಗಿ ಬದಲಾಗದೆ ನಿಲ್ಲುವುದೇ ತಂಬೂರಿಯ ಕೆಲಸ. ನಮ್ಮ ಸಂಗೀತ ಯಾವುದರ ಮೇಲೆ ನಿಂತಿದೆಯೋ ಅದನ್ನೇ ಯಂತ್ರವು ಫ್ಯಾನಿನ ಸದ್ದಿನ ಸಾಲಿಗೆ ಸೇರಿಸಿತ್ತು.

ಈ ಪಾಠಗಳು ಹೇಗೆ ಶುರುವಾದವೆಂದು ಸ್ವಲ್ಪ ಹೇಳಬೇಕು. ನಾನು ಧಾರವಾಡದಲ್ಲಿ ಸಂಗೀತ ಎಂ.ಎ. ಓದುತ್ತಿದ್ದೆ, ನನ್ನ ವಾದ್ಯ ಸಿತಾರ. ನಮ್ಮ ತರಗತಿಯಲ್ಲಿ ಐದು ಜನ ಒಟ್ಟಾದೆವು: ಸಿತಾರಕ್ಕೆ ನಾನು ಮತ್ತು ಬಾದಾಮಿ ಕಡೆಯ ಒಬ್ಬ ಗೆಳೆಯ, ವಾಯೊಲಿನ್ನಿಗೆ ಒಬ್ಬರು, ಗಾಯನಕ್ಕೆ ಇಬ್ಬರು. ನನ್ನೂರಿನ ಶಾಲೆಗೆ ಸಂಗೀತ ಶಿಕ್ಷಕರಿಲ್ಲ, ನಾನು ಓದುವಾಗಲೂ ಇರಲಿಲ್ಲ. ಧಾರವಾಡದಿಂದ ಆ ಊರಿಗೆ 200 ಕಿ.ಮೀ.ಗೂ ಮಿಕ್ಕಿದ ದಾರಿ. ವಾರವಾರವೂ ವಾದ್ಯ ಹೊತ್ತು ಹೋಗಿಬರುವುದು ನಮ್ಮಿಂದಾಗದ ಕೆಲಸವಾಗಿತ್ತು. ಶನಿವಾರ ಮುಂಜಾನೆಯ ಶಾಲೆ ಮುಗಿಯುವ ಮುಂಚಿನ ಒಂದು ಗಂಟೆಯನ್ನು ಮುಖ್ಯೋಪಾಧ್ಯಾಯರು ಆರು ಮತ್ತು ಏಳನೆಯ ತರಗತಿಯ ಮಕ್ಕಳಿಗಾಗಿ ನಮಗೆ ಬಿಟ್ಟುಕೊಟ್ಟರು. ಗೋಡೆಗೆ ತೂಗುಹಾಕಿದ ಒಂದು ಟಿವಿ, ಅದಕ್ಕೆ ಜೋಡಿಸಿದ ಮಾಸ್ತರರ ಫೋನು, ಎಂಟು ಶನಿವಾರಗಳು. ಅಷ್ಟೇ ನಮ್ಮ ಬಂಡವಾಳ.

ಮೊದಲ ಎರಡು ಶನಿವಾರಗಳನ್ನು ನಾವು ವ್ಯರ್ಥ ಮಾಡಿದೆವು. ತಂತಿವಾದ್ಯಗಳನ್ನು ಪರಿಚಯಿಸುವುದೆಂದರೆ ವಾದ್ಯವನ್ನು ತೋರಿಸಿ ಅದರ ಭಾಗಗಳ ಹೆಸರು ಹೇಳುವುದೆಂದು ನಾವು ತಿಳಿದಿದ್ದೆವು. ಸಿತಾರಕ್ಕೆ ಮೇಲೆ ಆರು ಅಥವಾ ಏಳು ತಂತಿ, ಪರದೆಗಳೆಂಬ ಅಡ್ಡಪಟ್ಟಿಗಳ ಕೆಳಗೆ ಹನ್ನೊಂದರಿಂದ ಹದಿಮೂರು ತರಬ್ ತಂತಿ, ಪರದೆಗಳು ಸುಮಾರು ಇಪ್ಪತ್ತು, ಮೀಟಲು ಬೆರಳಿಗೆ ಮಿಜರಾಬ್ ಎಂದು ನಾನು ಹೇಳುತ್ತಾ ಹೋದೆ. ವಾಯೊಲಿನ್ನಿನ ಕಮಾನಿಗೆ ಕುದುರೆಯ ಬಾಲದ ಕೂದಲು ಕಟ್ಟುತ್ತಾರೆ, ಅದಕ್ಕೆ ರಾಳ ಉಜ್ಜದಿದ್ದರೆ ತಂತಿಯ ಮೇಲೆ ಬರಿದೇ ಜಾರುತ್ತದೆ ಎಂದು ಗೆಳತಿ ವಿವರಿಸಿದಳು. ಮಕ್ಕಳು ಎಲ್ಲವನ್ನೂ ನೋಟುಬುಕ್ಕಿನಲ್ಲಿ ಅಚ್ಚುಕಟ್ಟಾಗಿ ಬರೆದುಕೊಂಡರು, ಕೇಳಿದರೆ ತಪ್ಪಿಲ್ಲದೆ ಒಪ್ಪಿಸಿದರು. ಷಡ್ಜ, ಎಂದರೆ ‘ಸ’, ನುಡಿಸಿ, “ಈಗ ಇದೇ ಸ್ವರ ಹಾಡಿರಿ” ಎಂದಾಗ ಮಾತ್ರ 31 ಮಕ್ಕಳಿಂದ 31 ಸ್ವರಗಳು ಹೊರಟವು. ತಪ್ಪು ಅವರದಾಗಿರಲಿಲ್ಲ. ಆತು ನಿಲ್ಲುವುದಕ್ಕೆ ಅವರ ಕೋಣೆಯಲ್ಲಿ ಏನೂ ಇರಲಿಲ್ಲ.

ಆ ಎರಡು ವಾರಗಳಲ್ಲಿ ಮಕ್ಕಳ ಕಣ್ಣು ಅರಳಿದ್ದು ಒಂದೇ ಸಲ. ನನ್ನ ಸಿತಾರ ಮಿರಜಿನಲ್ಲಿ ಮಾಡಿದ್ದು. ಅಥಣಿಯ ಕಡೆಯಿಂದ ಗಡಿ ದಾಟಿದರೆ ಸಿಗುವ ಮಿರಜ, ನಮ್ಮ ಭಾಗದ ಸಂಗೀತಗಾರರಿಗೆಲ್ಲ ತಂತಿವಾದ್ಯದ ತವರು. ಅಲ್ಲಿ ಈ ಕಸುಬನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಆರಂಭಿಸಿದವರು ಕತ್ತಿ ಮಸೆಯುವ ಶಿಕಲಗಾರ ಮನೆತನದವರು. ಯುದ್ಧಗಳು ಕಡಿಮೆಯಾಗಿ ಆಯುಧಗಳಿಗೆ ಬೇಡಿಕೆ ಇಲ್ಲವಾದಾಗ ಅವರ ಕೈಗಳು ವಾದ್ಯಗಳತ್ತ ತಿರುಗಿದವು. ಮಿರಜಿನ ಸಿತಾರ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಿಯ (ಜಿಐ) ಮಾನ್ಯತೆಯೂ ದೊರೆಯಿತು. ಕತ್ತಿ ಮಾಡುವ ಕೈ ಸಿತಾರ ಮಾಡಿತೆಂಬುದು ಹುಡುಗರಿಗೆ ಬಹಳ ಹಿಡಿಸಿತು. ಆಮೇಲೆ ನಾನು ಬುರುಡೆಯ ಸಂಗತಿಗೆ ಬಂದೆ: ಈ ವಾದ್ಯಗಳಿಗೆ ಬೇಕಾದ ದೊಡ್ಡ ಸೋರೆಬುರುಡೆಗಳನ್ನು ಪಂಢರಪುರದ ಸುತ್ತಮುತ್ತ ಬೆಳೆಯುತ್ತಾರೆ, ಬಳ್ಳಿಯ ಮೇಲೆಯೇ ಬಲಿಯಲು ಬಿಟ್ಟು, ತಿರುಳು ತೆಗೆದು, ತಿಂಗಳುಗಟ್ಟಲೆ ಒಣಗಿಸುತ್ತಾರೆ ಎಂದೆ. ಹಿಂದಿನ ಸಾಲಿನಿಂದ ಒಬ್ಬ ಹುಡುಗ ಕೇಳಿದ: “ಪಂಢರಪುರ ಅಂದ್ರ ನಮ್ಮ ಹೊಳೀ ದಂಡಿಗೇ ಐತೆಲ್ರಿ. ಹಂಗಾದ್ರ ಆ ಕಾಯಿ ನಮ್ಮ ಹೊಳಿ ನೀರs ಕುಡದದ್ದೇನ್ರಿ?”

ಹೌದು. ಪಂಢರಪುರವನ್ನು ಬಳಸಿ ಬರುವ ಭೀಮೆಯೇ ಮುಂದೆ ನಮ್ಮ ತಾಲ್ಲೂಕಿನ ಅಂಚಿನಲ್ಲಿ ಹರಿಯುತ್ತಾಳೆ. ಆರು ವರ್ಷ ಸಿತಾರವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತವಳಿಗೆ ಹೊಳೆಯದ ಸಂಬಂಧವನ್ನು ಆ ಹುಡುಗ ಒಂದೇ ಮಾತಿನಲ್ಲಿ ಕಟ್ಟಿದ್ದ.

ತಂತ್ರಾಂಶದ ತೊಂದರೆಗೆ ಕೆಲವು ಪರಿಹಾರಗಳು ಸಿಕ್ಕವು; ಬೇರೆಯವರಿಗೆ ಉಪಯೋಗವಾದೀತೆಂದು ಬರೆಯುತ್ತೇನೆ. ಕೆಲವು ತಂತ್ರಾಂಶಗಳಲ್ಲಿ ಗದ್ದಲ ಅಳಿಸುವ ವ್ಯವಸ್ಥೆಯನ್ನು ನಿಲ್ಲಿಸಿ ಮೂಲದನಿಯನ್ನೇ ಕಳಿಸುವ ಆಯ್ಕೆ ಇರುತ್ತದೆ. ಅದನ್ನು ನುಡಿಸುವವರ ಕಡೆಯಲ್ಲಿ ಹಾಕಿಕೊಳ್ಳಬೇಕು. ಮೊದಲೇ ಧ್ವನಿಮುದ್ರಿಸಿದ ತುಣುಕನ್ನು ವಾಟ್ಸ್‌ಆ್ಯಪಿನಲ್ಲಿ ಕಳಿಸುವುದಾದರೆ ದನಿಸಂದೇಶವಾಗಿ ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸಿದರೆ ಅದು ಕುಗ್ಗದೆ ಹಾಗೆಯೇ ತಲುಪುತ್ತದೆ. ಇಷ್ಟಾದ ಮೇಲೆ ತಂಬೂರಿ ಕೇಳಿಸಿತು, ತೆಳ್ಳಗೆ. ಗಂಡುದನಿಯ ತಂಬೂರಿಯ ಖರ್ಜದ ತಂತಿ ಸೆಕೆಂಡಿಗೆ ಸುಮಾರು 70 ಸಲ ಕಂಪಿಸುತ್ತದೆ; ಅಷ್ಟು ತಗ್ಗಿನ ದನಿಯನ್ನು ಟಿವಿಯ ಸಣ್ಣ ಸ್ಪೀಕರು ಹೊರಡಿಸಲಾರದು. ಮೇಲಿನ ಅನುರಣನಗಳನ್ನು ಹಿಡಿದು ಕಿವಿಯೇ ಕೆಳಗಿನ ಸ್ವರವನ್ನು ಊಹಿಸಿಕೊಳ್ಳುತ್ತದೆ. ತಂಬೂರಿಯನ್ನು ಹತ್ತಿರದಿಂದ ಕೇಳಿ ಬಲ್ಲ ಕಿವಿಗೆ ಈ ಊಹೆ ಸುಲಭ. ಒಮ್ಮೆಯೂ ಕೇಳದ ಮಕ್ಕಳಿಗೆ ಅದು ದೂರದಲ್ಲಿ ಗುಂಯ್‌ಗುಡುವ ಯಾವುದೋ ಸದ್ದು.

ಮೂರನೆಯ ಶನಿವಾರ ನಮ್ಮ ವಾದ್ಯಗಳನ್ನೆಲ್ಲ ಗವಸಿನಲ್ಲಿಯೇ ಇಟ್ಟೆವು. ಮಕ್ಕಳಿಗೆ ಹಿಂದಿನ ದಿನವೇ ಸಾಮಾನು ಹೇಳಿದ್ದೆವು: ಮೊಣಕೈಯಿಂದ ಬೆರಳ ತುದಿಯವರೆಗಿನ ಅಳತೆಗಿಂತ ಉದ್ದನೆಯ ಹಲಗೆ, ಎರಡು ಮೊಳೆ, ಮೂರು ಪೆನ್ಸಿಲು, ಎಣ್ಣೆಯ ಖಾಲಿ ಡಬ್ಬಿ, ತಂತಿಗೆ ಮೀನು ಹಿಡಿಯುವವರ ನೈಲಾನ್ ದಾರ. ದೊಡ್ಡ ಮಕ್ಕಳು ಸೈಕಲ್ಲಿನ ಹಳೆಯ ಬ್ರೇಕ್ ವಾಯರಿನಿಂದ ಬಿಡಿಸಿದ ಉಕ್ಕಿನ ಎಳೆಯನ್ನು ತಂದಿದ್ದರು. ಬಿಗಿದ ಉಕ್ಕಿನ ತಂತಿ ಹರಿದರೆ ಕಣ್ಣಿಗೆ ಅಪಾಯವಾದ್ದರಿಂದ ಅದನ್ನು ಮಾಸ್ತರರ ಕೈಯಿಂದಲೇ ಕಟ್ಟಿಸಿದೆವು. ಎರಡು ಪೆನ್ಸಿಲುಗಳನ್ನು ಸರಿಯಾಗಿ 60 ಸೆಂಟಿಮೀಟರ್ ಅಂತರದಲ್ಲಿ ತಂತಿಯ ಕೆಳಗಿಟ್ಟು ಮೀಟಿದರೆ, ಬರಿಯ ಹಲಗೆಯಲ್ಲಿ ದನಿ ಕಿವಿಗೆ ಹತ್ತುವಷ್ಟೂ ಇಲ್ಲ. ಹಲಗೆಯನ್ನು ಖಾಲಿ ಡಬ್ಬಿಯ ಮೇಲೆ ಇಟ್ಟೊಡನೆ ಕೋಣೆಯ ತುಂಬ ದನಿ. ಬುರುಡೆ ಏಕೆ ಬೇಕೆಂದು ಹೇಳುವ ಕೆಲಸ ಅಲ್ಲಿಗೆ ಮುಗಿಯಿತು. ಒಬ್ಬ ಹುಡುಗ ಹಲಗೆಯನ್ನು ಬಿಸಿಯೂಟದ ಕೋಣೆಯ ಖಾಲಿ ಕೊಡದ ಬಾಯಿಗೆ ಆನಿಸಿ ಮೀಟಿ, ತನ್ನ ಅಜ್ಜಿ ಹೇಳುತ್ತಿದ್ದ ಹಗೇವಿನೊಳಗಿನ ದನಿ ಹೀಗೇ ಇರುತ್ತಿತ್ತಂತೆ ಎಂದ. ಜೋಳ ತುಂಬಿಡುವ ಹಗೇವುಗಳನ್ನು ನಮ್ಮೂರಲ್ಲಿ ಮುಚ್ಚಿ ಎಷ್ಟೋ ವರ್ಷಗಳಾದವು. ಬರಿದಾದ ಹಗೇವಿಗೆ ಇಳಿದವರು ಮಾತಾಡಿದರೆ ಮಾತು ಮೈಯನ್ನೇ ತುಂಬುತ್ತಿತ್ತೆಂದು ನಾನೂ ಕೇಳಿದ್ದೇನೆ.

ಮೂರನೆಯ ಪೆನ್ಸಿಲನ್ನು ತಂತಿಯ ಕೆಳಗೆ ಸರಿಸುತ್ತಾ ಹೋಗುವುದು ಮುಂದಿನ ಕೆಲಸ. 60 ಸೆಂಟಿಮೀಟರಿನ ತಂತಿ ಷಡ್ಜವಾದರೆ, ಅದರ ಅರ್ಧ 30ಕ್ಕೆ ತಾರಷಡ್ಜ, ಮೂರರಲ್ಲೆರಡು ಪಾಲು 40ಕ್ಕೆ ಪಂಚಮ, ನಾಲ್ಕರಲ್ಲಿ ಮೂರು ಪಾಲು 45ಕ್ಕೆ ಮಧ್ಯಮ, ಐದರಲ್ಲಿ ನಾಲ್ಕು ಪಾಲು 48ಕ್ಕೆ ಗಾಂಧಾರ. 60ನ್ನು ಆರಿಸಿಕೊಂಡದ್ದೇ ಇದಕ್ಕಾಗಿ, ಆರನೆಯ ತರಗತಿಯ ಭಿನ್ನರಾಶಿ ಬಲ್ಲವರಿಗೆ ಎಲ್ಲವೂ ಪೂರ್ಣಸಂಖ್ಯೆಯಲ್ಲಿ ಬರುತ್ತದೆ. ಮಕ್ಕಳು ಹಲಗೆಯ ಮೇಲೆ ಖಡುವಿನಿಂದ ಗೆರೆ ಎಳೆದು ಸ, ಗ, ಮ, ಪ ಎಂದು ಬರೆದರು. ಆ ಗಂಟೆ ನಾವು ಮಾತಾಡಿದ್ದು ಬಹಳ ಕಡಿಮೆ. ಟಿವಿಯ ಕಡೆ ಯಾರೂ ನೋಡುತ್ತಿರಲಿಲ್ಲ, ಅದು ನಮಗೆ ಸಂತೋಷದ ಸಂಗತಿಯಾಗಿತ್ತು.

ತಂತಿ ಕೈಗೆ ಬಂದರೂ ಶ್ರುತಿಯ ತೊಂದರೆ ಹಾಗೆಯೇ ಉಳಿದಿತ್ತು. ಒಂದೊಂದು ಹಲಗೆಯ ಷಡ್ಜವೂ ಒಂದೊಂದು. ಅದನ್ನು ಬಗೆಹರಿಸಿದವರು ನಮ್ಮೂರಿನ ಭಜನಾ ಮೇಳದ ಮುತ್ಯಾ, ಎಂದರೆ ಅಜ್ಜ.

ಇಲ್ಲಿ ನನ್ನ ಒಂದು ತಪ್ಪನ್ನು ಹೇಳಲೇಬೇಕು. ಈ ಮಕ್ಕಳು ತಂತಿವಾದ್ಯವನ್ನೇ ಕಂಡಿಲ್ಲವೆಂದು ನಾನು ಗೆಳೆಯರಿಗೆ ಹೇಳಿದ್ದೆ. ಪ್ರತಿ ಸೋಮವಾರ ರಾತ್ರಿ ಗುಡಿಯಲ್ಲಿ ಏಕತಾರಿ ಹಿಡಿದು ತತ್ವಪದ ಹಾಡುವುದನ್ನು ನಾನೇ ಬಾಲ್ಯದುದ್ದಕ್ಕೂ ಕೇಳಿದ್ದೆ. ಆಷಾಢದಲ್ಲಿ ಪಂಢರಪುರಕ್ಕೆ ಹೊರಡುವ ಭಕ್ತರ ದಿಂಡಿಯಲ್ಲಿ ಕೊರಳಿಗೆ ವೀಣೆ ಹಾಕಿಕೊಂಡವರು ನಡೆಯುವುದನ್ನು, ಲಾವಣಿಯವರ ತುಂತುಣಿಯನ್ನು, ಸವದತ್ತಿಯ ಗುಡ್ಡಕ್ಕೆ ಹೋದಾಗ ಜೋಗತಿಯರ ಚೌಡಿಕೆಯನ್ನು ಕಂಡಿದ್ದೆ. ತುಂತುಣಿ ಮತ್ತು ಚೌಡಿಕೆಗಳಲ್ಲಿ ಒಂದು ತಂತಿ ಚರ್ಮದ ಹೊದಿಕೆಯನ್ನು ಎಳೆದು ಹಿಡಿದು ನುಡಿಯುತ್ತದೆ. ಇವೆಲ್ಲ ತಂತಿವಾದ್ಯಗಳೇ. ಧಾರವಾಡದ ತರಗತಿಯಲ್ಲಿ ವಾದ್ಯಗಳ ವರ್ಗೀಕರಣ ಓದುವಾಗಲೂ ನನ್ನ ಮನಸ್ಸಿಗೆ ಊರಿನ ಏಕತಾರಿ ಬರಲಿಲ್ಲವೆಂಬುದು ನನಗೆ ಇಂದಿಗೂ ನೋವಿನ ವಿಷಯ. ಮೂರನೆಯ ಶನಿವಾರ ಹಲಗೆಯ ವಾದ್ಯವನ್ನು ಮನೆಗೆ ಒಯ್ದ ಹುಡುಗನೊಬ್ಬ ಅದನ್ನು ತನ್ನ ಮುತ್ಯಾನಿಗೆ ತೋರಿಸಿದ್ದಾನೆ. ಅವರು, “ಇದು ನಮ್ಮ ಏಕತಾರಿ ಮಲಗಿಸಿದ್ಹಂಗ ಐತೆಲ್ಲೋ” ಎಂದಿದ್ದಾರೆ. ನಾಲ್ಕನೆಯ ಶನಿವಾರ ಮುತ್ಯಾ ಏಕತಾರಿ ಸಮೇತ ಶಾಲೆಗೆ ಬಂದು ಟಿವಿಯ ಪಕ್ಕದಲ್ಲಿ ಕುಳಿತಿದ್ದರು.

ನಾನು ನಮಸ್ಕಾರ ಹೇಳಿ, ನಮ್ಮ ತಂಬೂರಿಯ ಷಡ್ಜಕ್ಕೆ ಏಕತಾರಿಯನ್ನು ಕೂಡಿಸಿಕೊಳ್ಳುತ್ತೀರಾ ಎಂದು ಕೇಳಿದೆ. ಅವರು ಸಮಾಧಾನದಿಂದಲೇ ಒಪ್ಪಲಿಲ್ಲ. “ನನ್ನ ದನಿ ಎಲ್ಲಿ ಕುಂಡ್ರತೈತೋ ಅಲ್ಲೇ ತಂತಿ ಕುಂಡ್ರಬೇಕವ್ವಾ. ಫೋನ್ ಕೇಳಿ ತಂತಿ ಬಿಗಿಯೂದು ನನಗ ಬರೂದಿಲ್ಲ” ಎಂದರು. ಅವರ ಷಡ್ಜ ಪೇಟಿಯ (ಹಾರ್ಮೋನಿಯಮ್ಮಿನ) ಯಾವ ಮನೆಗೂ ಕೂಡುವಂಥದಲ್ಲ, ಎರಡು ಮನೆಗಳ ನಡುವೆ ಎಲ್ಲಿಯೋ ಇತ್ತು, ನಮ್ಮದಕ್ಕಿಂತ ಅರ್ಧ ಸ್ವರಕ್ಕೂ ಮಿಕ್ಕಿ ಕೆಳಗೆ. ನಾವು ಐವರೂ ಒಂದು ಗಳಿಗೆ ಸುಮ್ಮನೆ ಕುಳಿತೆವು. ಆಮೇಲೆ ಬಾದಾಮಿಯ ಗೆಳೆಯ ಮಾತಿಲ್ಲದೆ ತನ್ನ ಸಿತಾರದ ತಂತಿ ಬಿಗಿಯುವ ಖುಂಟಿಗೆ ಕೈ ಹಾಕಿದ.

ಸಿತಾರವನ್ನು ಅರ್ಧ ಸ್ವರ ಇಳಿಸುವುದೆಂದರೆ ಮೇಲಿನ ತಂತಿಗಳ ಜೊತೆಗೆ ಹದಿಮೂರು ತರಬ್ ತಂತಿಗಳನ್ನೂ ಒಂದೊಂದಾಗಿ ಇಳಿಸಬೇಕು. ಕಾಲು ಗಂಟೆಗೂ ಹೆಚ್ಚು ಹೊತ್ತು ಹಿಡಿಯಿತು. ಪಾಠದ ವೇಳೆ ಹಾಳಾಗುತ್ತಿದೆಯೆಂದು ನಾನು ಚಡಪಡಿಸುತ್ತಿದ್ದೆ, ಮಕ್ಕಳು ಮಾತ್ರ ಅಲುಗದೆ ನೋಡುತ್ತಿದ್ದರು. ಮುತ್ಯಾ ಏಕತಾರಿಯನ್ನು ಬಿಡದೆ ಮೀಟುತ್ತಿದ್ದರು. ಅವರ ಕೋಣೆಯಲ್ಲಿ ಆ ದನಿ ನೇರವಾಗಿ, ಪೂರ್ತಿಯಾಗಿ ತುಂಬಿತ್ತು. ಅದರೊಡನೆ ಸಿತಾರದ ಒಂದೊಂದು ತಂತಿಯೂ ಮೊದಲು ಜಗಳಾಡಿ, ಹತ್ತಿರ ಬಂದಂತೆ ಅಲೆ ಅಲೆಯಾಗಿ ತೊನೆದು, ಕೊನೆಗೆ ಅಲೆ ನಿಂತು ಒಂದಾಗುವುದನ್ನು ಮಕ್ಕಳು ತಾವೇ ಕೇಳಿದರು. ಒಂದು ತಂತಿ ಕೂಡಿದಾಗಲೆಲ್ಲ ಆ ಮುಂದಿನ ಸಾಲಿನ ಹುಡುಗಿ “ಬಂತ್ರಿ” ಎನ್ನುತ್ತಿದ್ದಳು. ಗೆಳೆಯ ಖುಂಟಿ ಬಿಡುವ ಮೊದಲೇ ಅವಳ “ಬಂತ್ರಿ” ಬರತೊಡಗಿದಾಗ ನಾನು ಗಡಿಯಾರ ನೋಡುವುದನ್ನು ನಿಲ್ಲಿಸಿದೆ.

ಅಂದಿನಿಂದ ನಮ್ಮ ಪಾಠದ ರೀತಿಯೇ ಬದಲಾಯಿತು. ಶ್ರುತಿ ಮಕ್ಕಳ ಕೋಣೆಯಲ್ಲಿ, ಸ್ವರ ನಮ್ಮ ಕಡೆಯಿಂದ. ಸಿತಾರದ ಮೀಟು ಚುರುಕಾದದ್ದು, ಹುಟ್ಟಿ ಬೇಗ ಕ್ಷೀಣಿಸುವಂಥದು. ಯಂತ್ರ ಅದನ್ನು ಮಾತಿನಂತೆಯೇ ಭಾವಿಸಿ ದಾಟಿಸುತ್ತದೆ. ವಾಯೊಲಿನ್ನಿನ ದೀರ್ಘ ಸ್ವರ ಮಾತ್ರ ಕೊನೆಯವರೆಗೂ ಕಷ್ಟವೇ ಆಯಿತು. ಇನ್ನು ತಡವಾಗುವ ತೊಂದರೆ. ನಮ್ಮ ದನಿ ಅಲ್ಲಿಗೆ ಮುಟ್ಟಿ ಅವರ ದನಿ ಮರಳುವಷ್ಟರಲ್ಲಿ ಅರ್ಧ ಸೆಕೆಂಡೋ ಇನ್ನೂ ಹೆಚ್ಚೋ ಕಳೆದಿರುತ್ತದೆ, ಆದ್ದರಿಂದ ಎರಡೂ ಕಡೆಯವರು ಕೂಡಿ ತಾಳದಲ್ಲಿ ನುಡಿಸಲಾಗದು. ಶ್ರುತಿಗೆ ಆ ಬಾಧೆಯಿಲ್ಲ. ಏಕತಾರಿಯ ಷಡ್ಜಕ್ಕೆ ಮೊದಲಿಲ್ಲ, ಕೊನೆಯಿಲ್ಲ. ಅದರ ಮೇಲೆ ತಾಳವಿಲ್ಲದ ಆಲಾಪದ ಒಂದು ಸ್ವರ ಅರ್ಧ ಸೆಕೆಂಡು ತಡವಾಗಿ ಬಂದಿಳಿದರೂ ಕೆಡುವುದು ಏನೂ ಇಲ್ಲ. ತಾಳಕ್ಕೆ ಕೂಡಿದ ಗತ್ತು ನುಡಿಸುವಾಗ ಗೆಳೆಯ ಕಿವಿಯಿಂದ ಇಯರ್‌ಫೋನ್ ತೆಗೆದಿಡುತ್ತಿದ್ದ. ಮಕ್ಕಳು ಅಲ್ಲಿ ಚಪ್ಪಾಳೆಯಿಂದ ತೀನತಾಲ ಹಾಕುತ್ತಿದ್ದರು, ಅದು ಅವರಿಗೆ ಸರಿಯಾಗಿ ಕೂಡುತ್ತಿತ್ತು. ತಡವಾಗಿ ಕೇಳುವುದು ನಮಗೆ ಮಾತ್ರ. ಕೇಳದೆ ನುಡಿಸಿದರೆ ಆಯಿತು.

ಫೋನು ದನಿಯನ್ನು ಕೆಡಿಸಬಹುದು, ಕಣ್ಣಿಗೆ ಕಾಣುವುದನ್ನು ಕೆಡಿಸುವುದಿಲ್ಲ. ತಂಬೂರಿಯ ಜೋಡಿ ತಂತಿಗಳೆರಡನ್ನೂ ಸರಿಯಾಗಿ ಕೂಡಿಸಿ, ಒಂದರ ಮೇಲೆ ಮಡಿಸಿದ ಕಾಗದದ ಚೂರನ್ನು ಕೂರಿಸಿ, ಇನ್ನೊಂದನ್ನು ಮೀಟಿದೆವು. ಮುಟ್ಟದ ತಂತಿಯ ಮೇಲಿನ ಕಾಗದ ಕುಣಿದು ಬಿತ್ತು. ಸಿತಾರದ ತರಬ್ ತಂತಿಗಳು ಯಾರೂ ಮೀಟದೆಯೇ ಹಾಡುವುದು ಹೀಗೆ. ಮುಂದಿನ ವಾರ ಮಕ್ಕಳು ತಮ್ಮ ಹಲಗೆಗಳಿಗೆ ಎರಡನೆಯ ತಂತಿ ಕಟ್ಟಿಕೊಂಡು ಬಂದು ಕಾಗದ ಬೀಳಿಸಿ ತೋರಿಸಿದರು. ತಂತಿಗಳು ಕೂಡಿದವೋ ಇಲ್ಲವೋ ಎಂದು ನಾವು ಧಾರವಾಡದಿಂದ ಹೇಳಬೇಕಾದ ಅಗತ್ಯವೂ ಹೋಯಿತು.

ಐದನೆಯ ಶನಿವಾರ ಜವಾರಿಯ ಮಾತು ಬಂತು. ತಂತಿಗಳು ಹಾಯುವ ಎಲುಬಿನ ಅಥವಾ ಕಟ್ಟಿಗೆಯ ಘೋಡಿಯ ಮೈಯನ್ನು ಕಂಡೂ ಕಾಣದಷ್ಟು ಬಾಗಿಸಿ ಉಜ್ಜಿರುತ್ತಾರೆ. ತಂತಿ ಅದರ ಮೇಲೆ ಒರಸುತ್ತಾ ಕಂಪಿಸುವುದರಿಂದ ದನಿಗೆ ಆ ಝೇಂಕಾರ ಬರುತ್ತದೆ. ತಂಬೂರಿಯಲ್ಲಿ ನಡುವೆ ಹತ್ತಿಯ ಎಳೆಯನ್ನು ಸರಿಸಿ ಅದನ್ನು ಹದಗೊಳಿಸುತ್ತಾರೆ. ಇದಕ್ಕೆ ಜವಾರಿ ಎನ್ನುತ್ತಾರೆಂದು ಹೇಳುತ್ತಲೇ ಒಬ್ಬಳು, “ಜವಾರಿ ಅಂದ್ರ ನಮ್ಮ ಜವಾರಿ ಬದನಿಕಾಯಿ, ಜವಾರಿ ಆಕಳ ಇದ್ದಂಗೇನ್ರಿ ಅಕ್ಕೋರ?” ಎಂದಳು. ಊರಿನ ತಳಿಗೆ ನಾವು ಹೇಳುವ ಜವಾರಿ ಬೇರೆ, ವಾದ್ಯದ ಜವಾರಿ ಬೇರೆ ಎಂದು ವಿವರಿಸಿದೆ. ಮುತ್ಯಾ ಒಪ್ಪಲಿಲ್ಲ, ರುಚಿ ಇರುವುದಕ್ಕೆಲ್ಲ ಜವಾರಿ ಎಂದೇ ಹೆಸರು ಎಂದರು. ಮಕ್ಕಳು ಹೊಲಿಗೆಯ ದಾರದ ಎಳೆಯೊಂದನ್ನು ಪೆನ್ಸಿಲಿಗೂ ತಂತಿಗೂ ನಡುವೆ ಸಿಕ್ಕಿಸಿ ಆಚೀಚೆ ಸರಿಸಿದರು. ಒಂದು ಜಾಗದಲ್ಲಿ ಸತ್ತಂತಿದ್ದ ತಂತಿ ಇನ್ನೊಂದು ಜಾಗದಲ್ಲಿ ದುಂಬಿಯಂತೆ ಮೊರೆಯಿತು. ಬೆಳಗಾವಿಯ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಗಾಯಕ ಕುಮಾರ ಗಂಧರ್ವರು ತಂಬೂರಿ ಕೂಡಿಸುವುದರಲ್ಲಿ ಎಷ್ಟು ನಿಷ್ಠುರರಾಗಿದ್ದರೆಂಬುದನ್ನು ನಮ್ಮ ಗುರುಗಳು ತರಗತಿಯಲ್ಲಿ ಮತ್ತೆ ಮತ್ತೆ ಹೇಳುತ್ತಾರೆ. ಆ ಮಾತಿನ ಅರ್ಥ ಮಕ್ಕಳಿಗೆ ಆ ದಿನ ಒಂದು ಎಳೆ ದಾರದಲ್ಲಿ ಸಿಕ್ಕಿತು.

ನಮ್ಮ ಜಿಲ್ಲೆಗೂ ತಂಬೂರಿಗೂ ಇರುವ ಹಳೆಯ ನಂಟನ್ನು ಹೇಳಿದ್ದೂ ಅಂದೇ. ವಿಜಯಪುರವನ್ನು 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನು ಸ್ವತಃ ಗೀತಗಳನ್ನು ರಚಿಸಿದವನು. ‘ಕಿತಾಬ್-ಎ-ನೌರಸ್’ ಎಂಬ ಆ ಗೀತಗಳ ಸಂಗ್ರಹದಲ್ಲಿ ಸರಸ್ವತಿಯ ಸ್ತುತಿಯಿದೆ, ತನ್ನ ಪ್ರೀತಿಯ ತಂಬೂರಿಯ ಹೆಸರೂ ಇದೆ. ಆ ತಂಬೂರಿಯನ್ನು ಅವನು ಮೋತಿಖಾನ್ ಎಂದು ಕರೆಯುತ್ತಿದ್ದ. ಗೋಳಗುಮ್ಮಟಕ್ಕೆ ಪ್ರವಾಸ ಹೋಗಿಬಂದ ಮಕ್ಕಳಿಗೆ ಆದಿಲ್‌ಶಾಹಿಗಳು ಗೊತ್ತು, ಮೋತಿಖಾನ್ ಗೊತ್ತಿರಲಿಲ್ಲ. ಮರುವಾರ ನೋಡಿದರೆ ಹಲಗೆಗಳ ಮೇಲೆಲ್ಲ ಖಡುವಿನಿಂದ ಬರೆದ ಹೆಸರುಗಳು. ಎತ್ತುಗಳ ಹೆಸರು, ಗುಡಿಯ ದೇವರ ಹೆಸರು, ಒಂದರ ಮೇಲೆ ತೀರಿಹೋದ ಅಜ್ಜಿಯ ಹೆಸರು.

ಆರನೆಯ ಶನಿವಾರದ ಸಂಗತಿ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಮುಂದಿನ ಸಾಲಿನ ಆ ಹುಡುಗಿ ಪಂಚಮ 40ಕ್ಕೆ ಬರುವುದಿಲ್ಲ, 41ಕ್ಕೆ ಬರುತ್ತದೆ ಎಂದಳು. ಸರಿಯಾಗಿ ಅಳೆಯೆಂದು ಹೇಳಿದೆವು. ಮತ್ತೆ ಅಳೆದಳು, ಮತ್ತೆ 41. ಭಿನ್ನರಾಶಿಯ ಲೆಕ್ಕವನ್ನು ಗೆಳೆಯ ಇನ್ನೊಮ್ಮೆ ಬಿಡಿಸಿ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡು, “ಪಟ್ಟಿ ನೋಡಿದ್ರ ನಲವತ್ತರಿ, ಏಕತಾರಿ ಕೇಳಿದ್ರ ನಲವತ್ತೊಂದ್ರಿ” ಎಂದಳು. ಮುತ್ಯಾನ ಬೆರಳು ಏಕತಾರಿಯ ಮೇಲೆ ಆಡುತ್ತಲೇ ಇತ್ತು. ಅವರು ಏನೂ ಹೇಳಲಿಲ್ಲ, ತಲೆದೂಗಿದರು.

ಫೋನನ್ನು ಹಲಗೆಯ ಹತ್ತಿರ ಹಿಡಿಯಲು ಹೇಳಿ ನೋಡಿದ ಮೇಲೆ ತಿಳಿಯಿತು. ಅವಳ ಮೂರನೆಯ ಪೆನ್ಸಿಲು ಕಳೆದುಹೋಗಿ, ಅದರ ಬದಲು ಒಂದು ದಪ್ಪನೆಯ ಕಟ್ಟಿಗೆಯ ತುಂಡನ್ನು ಇಟ್ಟಿದ್ದಳು. ಅದು ತಂತಿಯನ್ನು ತುಸು ಮೇಲಕ್ಕೆತ್ತಿ ಹೆಚ್ಚು ಬಿಗಿಗೊಳಿಸುತ್ತಿತ್ತು. ಬಿಗಿ ಹೆಚ್ಚಿದರೆ ಸ್ವರ ಏರುತ್ತದೆ. ಏರಿದ್ದನ್ನು ಇಳಿಸಲು ತಂತಿ ಒಂದು ಸೆಂಟಿಮೀಟರ್ ಉದ್ದವಾಗಬೇಕು. ಲೆಕ್ಕದ 40 ಬಿಗಿ ಬದಲಾಗದ ತಂತಿಯದು, ಅವಳ 41 ಅವಳ ಎದುರಿಗಿದ್ದ ತಂತಿಯದು. ಸಿತಾರದ ಪರದೆಗಳನ್ನು ಮೊಳೆ ಹೊಡೆದು ಕೂರಿಸದೆ ದಾರದಿಂದ ಕಟ್ಟಿರುವುದು ಇದಕ್ಕಾಗಿಯೂ ಹೌದು. ತಂತಿಯನ್ನು ಪರದೆಗೆ ಒತ್ತಿದಾಗಲೂ ಬಿಗಿ ಹೆಚ್ಚುತ್ತದೆ, ಆದ್ದರಿಂದ ಪರದೆಯ ಜಾಗವನ್ನು ಕೊನೆಗೆ ಕಿವಿಯಿಂದಲೇ ಸರಿಸಿ ಗೊತ್ತುಮಾಡಬೇಕು. ರುದ್ರವೀಣೆ ನುಡಿಸುತ್ತಿದ್ದ ಬೀನಕಾರ ಬಂದೇ ಅಲಿ ಖಾನರ ಶಿಷ್ಯರಾಗಿ ಬಂದು ಧಾರವಾಡದಲ್ಲಿ ನೆಲೆಸಿದ ಸಿತಾರರತ್ನ ರಹಿಮತ್ ಖಾನರಿಂದ ಈ ಭಾಗದಲ್ಲಿ ಸಿತಾರದ ಒಂದು ದೊಡ್ಡ ಪರಂಪರೆಯೇ ಬೆಳೆದಿದೆ. ಆ ಊರಿನಲ್ಲಿ ಕುಳಿತು, ಆ ವಾದ್ಯವನ್ನೇ ಓದುತ್ತಾ, ನಾನು ಒಮ್ಮೆಯೂ ಪರದೆಗೆ ದಾರವೇಕೆ ಎಂದು ಕೇಳಿಕೊಂಡಿರಲಿಲ್ಲ. ಆ ಹುಡುಗಿಗೆ, “ನೀ ಹೇಳಿದ್ದು ಖರೆ ಐತಿ ತಂಗಿ, ನಮ್ಮ ಲೆಕ್ಕ ಅರ್ಧ ಇತ್ತು” ಎಂದೆ. ಅವಳು ಹಲಗೆಯ ಮೇಲಿನ ಹಳೆಯ ಗೆರೆಯನ್ನು ಅಂಗೈಯಿಂದ ಒರೆಸಿ, ಹೊಸ ಗೆರೆ ಎಳೆದಳು.

ಏಕತಾರಿ ಆ ಕೋಣೆಯಲ್ಲಿ ಇಲ್ಲದಿದ್ದರೆ ಅವಳು ಅಳತೆಪಟ್ಟಿಯನ್ನೇ ನಂಬುತ್ತಿದ್ದಳು, ನಾವೂ ಭೇಷ್ ಎನ್ನುತ್ತಿದ್ದೆವು. ದೂರದಿಂದ ಸಂಗೀತ ಕಲಿಸಹೊರಟ ಗೆಳೆಯರು ಯಾರಾದರೂ ಕೇಳಿದರೆ ಒಳ್ಳೆಯ ಮೈಕು, ಒಳ್ಳೆಯ ಫೋನುಗಳ ಮಾತನ್ನು ಆಮೇಲೆ ಆಡುತ್ತೇನೆ. ಮೊದಲು ಕಲಿಯುವವರ ಕೋಣೆಯಲ್ಲಿ ನಿಜವಾದ ಒಂದು ತಂತಿ ಶ್ರುತಿಯಲ್ಲಿ ನುಡಿಯುವಂತೆ ಮಾಡಿರಿ ಎನ್ನುತ್ತೇನೆ. ಬಹುತೇಕ ಊರುಗಳಲ್ಲಿ ಅದನ್ನು ನುಡಿಸುವವರು ಈಗಾಗಲೇ ಇದ್ದಾರೆ, ಯಾರೂ ಅವರನ್ನು ಶಾಲೆಗೆ ಕರೆದಿರುವುದಿಲ್ಲ.

ಕೊನೆಯ ಎರಡು ಶನಿವಾರಗಳಲ್ಲಿ ಒಂದು ಮಳೆಗೆ ಹೋಯಿತು, ಇನ್ನೊಂದರಲ್ಲಿ ಮಕ್ಕಳು ಭೂಪ ರಾಗದ ಆರೋಹ ಅವರೋಹಗಳನ್ನು ಹಲಗೆಯ ಮೇಲೆ ನುಡಿಸಿದರು.

ಈ ವರ್ಷ ಮುತ್ಯಾನಿಗೆ ಮಂಡಿನೋವು ಹೆಚ್ಚಾಗಿದೆ, ಪ್ರತಿ ವಾರ ಶಾಲೆಗೆ ಬರಲಾರರು. ಧಾರವಾಡದಲ್ಲಿ ಗೆಳತಿಯ ಮನೆಯಲ್ಲಿದ್ದ ಹಳೆಯ ತಂಬೂರಿಯೊಂದಕ್ಕೆ ಹೊಸ ತಂತಿ ಹಾಕಿಸಿ, ಎರಡು ಕೌದಿಯಲ್ಲಿ ಸುತ್ತಿ, ಜೂನ್ ತಿಂಗಳಲ್ಲಿ ವಿಜಯಪುರದ ಬಸ್ಸಿನಲ್ಲಿ ಮಡಿಲಿಗಿಟ್ಟುಕೊಂಡು ಊರಿಗೆ ಒಯ್ದೆ. ಈಗ ಏಳನೆಯ ತರಗತಿಯಲ್ಲಿರುವ ಆ ಹುಡುಗಿಗೆ ಎರಡು ದಿನ ಕೂಡಿಸುವುದನ್ನು ಕಲಿಸಿಕೊಟ್ಟೆ. ಮರಳಿ ಬಂದ ಮೊದಲ ಶನಿವಾರ ಅವಳು ಮಾಸ್ತರರ ಫೋನಿನಿಂದ ಕರೆ ಮಾಡಿದಳು. ಫೋನನ್ನು ಕಿಟಕಿಗೆ ಆನಿಸಿಟ್ಟು, ತಂಬೂರಿಯನ್ನು ನಿಲ್ಲಿಸಿಕೊಂಡು, ಕಣ್ಣು ಮುಚ್ಚಿ ಮೀಟತೊಡಗಿದಳು. ಪಂಚಮ ತುಸು ಇಳಿದಿತ್ತು. ಹೇಳಬೇಕೆನ್ನುವಷ್ಟರಲ್ಲಿ ಅವಳೇ ಖುಂಟಿ ತಿರುಗಿಸಿ ಸರಿಮಾಡಿಕೊಂಡಳು. ನಾಲ್ಕು ಸುತ್ತು ಕೇಳಿಸಿತು. ಆಮೇಲೆ ಮಾಸ್ತರರ ಫೋನು ಅದನ್ನು ಗದ್ದಲವೆಂದು ತಿಳಿದು ಒರೆಸಿತು, ನನ್ನ ಕಡೆ ಪೂರ್ತಿ ನಿಶ್ಶಬ್ದವಾಯಿತು. ಅವಳ ಕೈ ಆಡುತ್ತಲೇ ಇತ್ತು. ಸುತ್ತ ಕುಳಿತ ಮಕ್ಕಳ ಬಾಯಿ ತೆರೆದಿತ್ತು, ಷಡ್ಜ ಹಿಡಿದಿರಬೇಕು. ನಾನು ಕರೆ ಕತ್ತರಿಸದೆ, ಅವಳು ಕಣ್ಣು ತೆರೆಯುವವರೆಗೆ ನೋಡುತ್ತಾ ಕುಳಿತೆ.